ಪಂಜರದ ಫಿಂಚ್ ಹಕ್ಕಿಗಳು: ಬಣ್ಣದ ಬಗೆ ಮತ್ತು ಆರೋಗ್ಯ ರಕ್ಷಣೆ

ಅಂಕೋಲಾ ತಾಲೂಕಿನ ಶೆಟಗೇರಿಯಂಥ ಕರಾವಳಿ ಹಳ್ಳಿಗಳಲ್ಲಿ ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ರಾಟವಾಳ ಹಕ್ಕಿಗಳ ಹಿಂಡು ಗದ್ದೆಗೆ ಇಳಿಯುವುದು ರೈತರಿಗೆಲ್ಲ ತಿಳಿದ ಸಂಗತಿ. ಪಂಜರದಲ್ಲಿ ಸಾಕುವ ಫಿಂಚ್‌ಗಳು ಇದೇ ಕುಟುಂಬಕ್ಕೆ ಸೇರಿದವು. ಆದರೆ ಕಾಡು ರಾಟವಾಳವನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕಲು ಯೋಗ್ಯವಾದವು ಪಂಜರದಲ್ಲೇ ತಲೆಮಾರುಗಳಿಂದ ಬೆಳೆದುಬಂದ, ಆಸ್ಟ್ರೇಲಿಯ ಮೂಲದ ಜೀಬ್ರಾ ಫಿಂಚ್ ಮತ್ತು ಜಪಾನಿನಲ್ಲಿ ಪಳಗಿದ ಬೆಂಗಲೀಸ್ ಫಿಂಚ್.

ಹುಟ್ಟಿದ ಬಣ್ಣ, ಬಳಿದ ಬಣ್ಣ

ರಾಟವಾಳಕ್ಕೆ ಹಸಿರು, ಗುಲಾಬಿ ಬಣ್ಣ ಬಳಿದು ಮಾರುವವರೂ ಇದ್ದಾರೆ. ಒದ್ದೆ ಹತ್ತಿಯಿಂದ ಒರೆಸಿದರೆ ಬಣ್ಣ ಅಂಟುವುದುಂಟು. ಕಾಲು, ಕೊಕ್ಕಿಗೂ ಕಲೆ ಹತ್ತಿರುತ್ತದೆ. ಹೊಸ ಗರಿ ಬಂದಾಗ ಬಣ್ಣ ಮಾಯವಾಗುತ್ತದೆ. ನಿಜವಾದ ಬಣ್ಣಭೇದ ವಂಶವಾಹಿಯಲ್ಲಾದ ಮಾರ್ಪಾಟಿನಿಂದ, ಅಂದರೆ ಉತ್ಪರಿವರ್ತನೆಯಿಂದ ಬರುತ್ತದೆ, ಮರಿಗಳಿಗೂ ಇಳಿಯುತ್ತದೆ. ಜೀಬ್ರಾ ಫಿಂಚ್‌ನ ಮೂಲ ಬಣ್ಣ ಬೂದು. ಬಿಳಿ, ಕಂದು, ಮಚ್ಚೆಯ ಬಗೆಗಳು ಅದರಿಂದ ಹುಟ್ಟಿದವು. ಬಿಳಿ ಹಕ್ಕಿಯಲ್ಲಿ ಗಂಡಿನ ಕೊಕ್ಕು ಕಡುಗೆಂಪು, ಹೆಣ್ಣಿನದು ಕಿತ್ತಳೆ.

ಜೋಡಿಯ ಲೆಕ್ಕ

ಬಿಳಿ ಬಣ್ಣ ಅಡಗಿ ಬರುವಂಥದು. ಬಿಳಿ ಮತ್ತು ಶುದ್ಧ ಬೂದು ಜೋಡಿಯ ಮರಿಗಳೆಲ್ಲ ಬೂದಾಗಿರುತ್ತವೆ. ಆದರೆ ಬಿಳಿಯ ಅಂಶವನ್ನು ಹೊತ್ತಿರುತ್ತವೆ. ಅಂಥ ಎರಡನ್ನು ಜೋಡಿ ಮಾಡಿದರೆ ಸರಾಸರಿ 4ರಲ್ಲಿ 1 ಮರಿ ಬಿಳಿ. ಕಂದು ಬಣ್ಣದ ಅಂಶ ಲಿಂಗದ ವರ್ಣತಂತುವಿನ ಮೇಲಿದೆ. ಕಂದು ಗಂಡಿಗೆ ಬೂದು ಹೆಣ್ಣನ್ನು ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಕಂದು, ಗಂಡುಮರಿಗಳೆಲ್ಲ ಬೂದು. ಹೀಗೆ ಮರಿಯ ಲಿಂಗವನ್ನೂ ಬೇಗ ಗುರುತಿಸಬಹುದು.

ಜುಟ್ಟಿನ ಹಕ್ಕಿಗಳ ವಿಷಯದಲ್ಲಿ ಎಚ್ಚರ ಬೇಕು. ಜುಟ್ಟಿನ ಅಂಶ ತಂದೆತಾಯಿ ಇಬ್ಬರಿಂದಲೂ ಬಂದ ಮರಿ ಬದುಕುವುದಿಲ್ಲ. ಜುಟ್ಟಿನ ಎರಡು ಹಕ್ಕಿಗಳನ್ನು ಜೋಡಿ ಮಾಡಿದರೆ ಸುಮಾರು ಕಾಲು ಭಾಗದ ಮರಿಗಳು ಹೀಗೆ ನಷ್ಟವಾಗುತ್ತವೆ. ಆದ್ದರಿಂದ ಜುಟ್ಟಿನದಕ್ಕೆ ಸಾದಾ ಹಕ್ಕಿಯನ್ನೇ ಜೊತೆಗೂಡಿಸಬೇಕು. ಆಗ ಅರ್ಧದಷ್ಟು ಮರಿಗಳಿಗೆ ಜುಟ್ಟು ಬರುತ್ತದೆ. ಅಪರೂಪದ ಬಣ್ಣದ ಆಸೆಗೆ ಒಡಹುಟ್ಟಿದವನ್ನೇ ಜೋಡಿ ಮಾಡುತ್ತ ಹೋದರೆ ತಳಿ ಕುಗ್ಗುತ್ತದೆ. ಬೀಜದ ಭತ್ತದ ಲೆಕ್ಕ ಇಡುವಂತೆ ಪ್ರತಿ ಮರಿಯ ಕಾಲಿಗೆ ಬಳೆ ಹಾಕಿ ತಂದೆತಾಯಿಗಳ ಗುರುತು ಬರೆದಿಡುವುದು ಒಳ್ಳೆಯದು.

ಆಹಾರ ಮತ್ತು ಮಳೆಗಾಲದ ಆರೈಕೆ

ನವಣೆ, ಸಾಮೆ, ಬರಗು ಮುಖ್ಯ ಆಹಾರ. ಜೊತೆಗೆ ತೊಳೆದ ಸೊಪ್ಪು, ಮೊಳಕೆ ಬರಿಸಿದ ಕಾಳು ಕೊಡಬಹುದು. ಕರಾವಳಿಯ ಮಳೆಗಾಲದಲ್ಲಿ ಕಾಳಿಗೆ ಬೂಷ್ಟು ಹಿಡಿಯುವುದೇ ದೊಡ್ಡ ಅಪಾಯ. ಕಾಳನ್ನು ಬಿಸಿಲಿನಲ್ಲಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಮುಗ್ಗು ವಾಸನೆ ಬಂದದ್ದನ್ನು ಎಸೆಯಬೇಕು. ಸುಣ್ಣದ ಅಂಶಕ್ಕೆ ಕಡಲ ದಂಡೆಯಲ್ಲಿ ಸಿಗುವ ‘ಸಮುದ್ರದ ನೊರೆ’ ಉತ್ತಮ. ಅದನ್ನು ಕೆಲವು ದಿನ ಸಿಹಿನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಒಣಗಿಸಿ ಪಂಜರಕ್ಕೆ ಕಟ್ಟಬೇಕು. ಸುಣ್ಣದ ಕೊರತೆಯಾದರೆ ಹೆಣ್ಣಿಗೆ ಮೊಟ್ಟೆ ಕಟ್ಟಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದು.

ಪಂಜರವನ್ನು ಇರಚಲು, ಒಲೆಯ ಹೊಗೆ ತಾಗದ ಕಡೆ ಇಡಬೇಕು. ಕಾಲುಮಣೆಯ ಬಿರುಕುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ಉಣ್ಣೆಗಳನ್ನು ತಪ್ಪಿಸಲು ವಾರಕ್ಕೊಮ್ಮೆ ಕುದಿನೀರಿನಿಂದ ತೊಳೆಯಬೇಕು. ಹೊಸ ಹಕ್ಕಿಯನ್ನು 30 ದಿನ ಬೇರೆ ಇಡಬೇಕು. ಮನೆಯ ಕೋಳಿಗಳ ಸಂಪರ್ಕ ಬೇಡ.

ಕಾಯಿಲೆ ಕಂಡಾಗ

ಜೀಬ್ರಾ ಫಿಂಚ್‌ನ ತೂಕ ಸುಮಾರು 12 ಗ್ರಾಂ ಮಾತ್ರ. ಒಂದು ದಿನ ಮೇವು ಬಿಟ್ಟರೂ ಅದು ಸಾಯಬಹುದು. ಗರಿ ಉಬ್ಬಿಸಿ ತಳದಲ್ಲಿ ಕೂರುವುದು, ಉಸಿರಿನೊಡನೆ ಬಾಲ ಅಲ್ಲಾಡುವುದು, ಹಿಕ್ಕೆ ನೀರಾಗುವುದು ಕಾಯಿಲೆಯ ಗುರುತುಗಳು. ಅಂಥದನ್ನು ಕೂಡಲೇ ಬೇರ್ಪಡಿಸಿ, ಪಂಜರದ ಒಂದು ಬದಿಗೆ ದೀಪದಿಂದ ಸುಮಾರು 30 ಡಿಗ್ರಿ ಶಾಖ ಕೊಟ್ಟು, ಇನ್ನೊಂದು ಬದಿಯನ್ನು ತಂಪಾಗಿ ಬಿಡಬೇಕು. ಮೇವು, ನೀರು ಹತ್ತಿರದಲ್ಲೇ ಇರಲಿ. ಕೋಳಿಯ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಬಾರದು. ಹಕ್ಕಿಯನ್ನೂ ಒಂದಿಷ್ಟು ಹಿಕ್ಕೆಯನ್ನೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.