ಬಣ್ಣದಡಿಯ ಗುಳಿಗಳು

2007ರ ನವೆಂಬರ್ 20, ಮಂಗಳವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎರಡೇ ದಿನ ಬಾಕಿ. ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಊರಿಗೆ ಹೊರಟವರ ಕಾರುಗಳು ಧಕ್ಕೆಗಳ ಮುಂದೆ ಸಾಲುಗಟ್ಟುವ ಹೊತ್ತು. ಅಂಥ ದಿನವೇ ರಾಜ್ಯದ ಸಾರಿಗೆ ಕಾರ್ಯದರ್ಶಿ ಪೌಲಾ ಹ್ಯಾಮಂಡ್ ನಾಲ್ಕು ಕಾರ್ ಫೆರಿಗಳ ಓಡಾಟವನ್ನು ಒಮ್ಮೆಲೇ ನಿಲ್ಲಿಸಿಬಿಟ್ಟರು. ಕ್ಲಿಕಿಟಾಟ್, ಕ್ವಿನಾಲ್ಟ್, ಇಲ್ಲಾಹೀ, ನಿಸ್ಕ್ವಾಲಿ. ನಾಲ್ಕೂ 1927ರಲ್ಲಿ ಕಟ್ಟಿದವು. ಅಷ್ಟು ಹೊತ್ತಿಗೆ ಅವುಗಳ ವಯಸ್ಸು ಎಂಬತ್ತು.

ಕಾರಣ ಎಂಜಿನ್ ಅಲ್ಲ, ಅಪಘಾತವೂ ಅಲ್ಲ. ಡ್ರೈ ಡಾಕ್ ಸೇರಿದ್ದ ಕ್ವಿನಾಲ್ಟ್‌ನ ಒಡಲಿನಿಂದ ಹಳೆಯ ಬಣ್ಣವನ್ನು ಪೂರ್ತಿ ತೆಗೆದು ನೋಡಿದಾಗ ಉಕ್ಕಿನ ಹಾಳೆಗಳಲ್ಲಿ ಗುಳಿಗಳು ಕಂಡವು. ಇದು ಹೀಗಿದ್ದರೆ ಉಳಿದ ಮೂರರದ್ದು ಹೇಗಿರಬೇಡ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಇಟ್ಟುಕೊಂಡು ಜನರನ್ನು ಹತ್ತಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಎಂಬತ್ತು ವರ್ಷದ ಹಡಗು ನಿಂತಿತು ಎಂದರೆ ಸುದ್ದಿಯೇನೂ ಅಲ್ಲ. ಉಪ್ಪುನೀರಿನಲ್ಲಿ, ದಿನಕ್ಕೆ ಹಲವು ಸಲ ಧಕ್ಕೆಗೆ ಮೈಯೊಡ್ಡುತ್ತ, ಅದು ಎಂಬತ್ತು ವರ್ಷ ಓಡಿದ್ದು ಹೇಗೆ ಎಂಬುದರಲ್ಲಿ ಸ್ವಾರಸ್ಯವಿದೆ.

ಇವು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1920ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯ ಸುತ್ತ ಕಾರುಗಳು ಹೆಚ್ಚಿದವು, ನಗರಕ್ಕೆ ನೇರ ದಾಟಲು ಸೇತುವೆ ಇರಲಿಲ್ಲ. ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಬಳಗ ಒಂದೇ ಅಳತೆಯ ಆರು ಫೆರಿಗಳನ್ನು ಕಟ್ಟಿಸಿತು. ಒಂದೊಂದೂ ಸುಮಾರು 78 ಮೀಟರ್ ಉದ್ದ. ಹತ್ತೇ ವರ್ಷದಲ್ಲಿ ಅವುಗಳ ಕೆಲಸ ಹೋಯಿತು. 1936ರ ನವೆಂಬರ್‌ನಲ್ಲಿ ಬೇ ಬ್ರಿಜ್, 1937ರ ಮೇ ತಿಂಗಳಲ್ಲಿ ಗೋಲ್ಡನ್ ಗೇಟ್ ಸೇತುವೆ ತೆರೆದವು. ಕಾರ್ ಫೆರಿಗೆ ಸೇತುವೆಗಿಂತ ದೊಡ್ಡ ವೈರಿ ಇಲ್ಲ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನಲ್ಲಿ ಬಸ್ಸು-ಕಾರುಗಳ ಜತೆ ನಿಂತು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ 2025ರ ಜುಲೈನಲ್ಲಿ ಸೇತುವೆ ಬಂತು.

ಕೆಲಸವಿಲ್ಲದ ಆರೂ ಫೆರಿಗಳನ್ನು 1940ರಲ್ಲಿ ಉತ್ತರದ ಪ್ಯೂಜೆಟ್ ಸೌಂಡ್ ನ್ಯಾವಿಗೇಷನ್ ಕಂಪನಿ ಕೊಂಡಿತು. ಸಿಯಾಟಲ್ ಸುತ್ತಮುತ್ತ ಸಮುದ್ರ ಪ್ಯೂಜೆಟ್ ಸೌಂಡ್ ಎಂಬ ಹೆಸರಿನಲ್ಲಿ ನೆಲದೊಳಕ್ಕೆ ಕೈಚಾಚಿ ದ್ವೀಪಗಳನ್ನು ಬಿಡಿಬಿಡಿಯಾಗಿಸಿದೆ. ನೀರು ಆಳ, ಸೇತುವೆ ಕಟ್ಟುವುದು ಸುಲಭವಲ್ಲ. ಅದೇ 1940ರ ನವೆಂಬರ್‌ನಲ್ಲಿ ಅಲ್ಲಿನ ಟಕೋಮಾ ನ್ಯಾರೋಸ್ ಸೇತುವೆ ಗಾಳಿಗೆ ತೊನೆದು ತೊನೆದು ಮುರಿದುಬಿದ್ದದ್ದನ್ನು ಭೌತಶಾಸ್ತ್ರ ಓದಿದವರೆಲ್ಲ ಬಲ್ಲರು. 1951ರಲ್ಲಿ ವಾಷಿಂಗ್ಟನ್ ರಾಜ್ಯ ಸರ್ಕಾರವೇ ಈ ಫೆರಿ ವ್ಯವಸ್ಥೆಯನ್ನು ಕೊಂಡಾಗ, ಸೇತುವೆಗಳು ಎದ್ದ ಮೇಲೆ ಫೆರಿಗಳನ್ನು ಮನೆಗೆ ಕಳಿಸಿದರಾಯಿತು ಎಂಬ ಲೆಕ್ಕವಿತ್ತು. ಆ ಸೇತುವೆಗಳಲ್ಲಿ ಹೆಚ್ಚಿನವು ಏಳಲೇ ಇಲ್ಲ.

ಈ ಫೆರಿಗಳಿಗೆ ಅಂಟಿದ ಹೆಸರು ‘ಸ್ಟೀಲ್ ಎಲೆಕ್ಟ್ರಿಕ್’. ಉಕ್ಕಿನ ಒಡಲು, ವಿದ್ಯುತ್ತಿನ ಓಟ. 1927ರ ಫೆರಿಗಳಲ್ಲಿ ಇವೆರಡೂ ಕೂಡಿ ಬಂದದ್ದು ಅಪರೂಪ. ಮರದ ಒಡಲು, ಉಗಿ ಎಂಜಿನ್ನಿನ ಫೆರಿಗಳೇ ಹೆಚ್ಚಾಗಿದ್ದ ಕಾಲ ಅದು. ಇದರಲ್ಲಿ ಡೀಸೆಲ್ ಎಂಜಿನ್ ಪ್ರೊಪೆಲರನ್ನು ನೇರ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತು ಮೋಟಾರಿಗೆ, ಮೋಟಾರು ಪ್ರೊಪೆಲರಿಗೆ. ಸುತ್ತಿ ಬಳಸಿ ಮೂಗು ಹಿಡಿದಂತೆ ಕಾಣುತ್ತದೆ. ಪ್ರತಿ ಬದಲಾವಣೆಯಲ್ಲೂ ಶಕ್ತಿ ಒಂದಿಷ್ಟು ಸೋರುತ್ತದೆ ಎಂಬುದೂ ನಿಜ. ಆದರೆ ಫೆರಿಯ ದುಡಿಮೆ ಸರಕು ಹಡಗಿನ ದುಡಿಮೆಯಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಬೇಕು, ಧಕ್ಕೆ ಹತ್ತಿರವಾದಾಗ ಪ್ರೊಪೆಲರನ್ನು ಹಿಮ್ಮುಖವಾಗಿ ತಿರುಗಿಸಿ ವೇಗ ಕೊಲ್ಲಬೇಕು. ನೀರಿನಲ್ಲಿ ಬ್ರೇಕ್ ಎಂದರೆ ಅದೊಂದೇ. ಅಂದಿನ ನೇರ ಜೋಡಣೆಯ ದೊಡ್ಡ ಡೀಸೆಲ್ ಎಂಜಿನ್ನನ್ನು ಹಿಮ್ಮುಖ ಓಡಿಸಬೇಕೆಂದರೆ ಮೊದಲು ಪೂರ್ತಿ ನಿಲ್ಲಿಸಿ, ಉಲ್ಟಾ ದಿಕ್ಕಿನಲ್ಲಿ ಮತ್ತೆ ಸ್ಟಾರ್ಟ್ ಮಾಡಬೇಕಿತ್ತು. ಅದು ಸ್ಟಾರ್ಟ್ ಆಗದಿದ್ದರೆ ಧಕ್ಕೆಯ ಗತಿ ಅಷ್ಟೇ. ಅದೇ ನೀರಿನಲ್ಲಿ ಓಡುತ್ತಿದ್ದ, ಬೆಳ್ಳಿ ಬಣ್ಣದ ಸೊಗಸಿನಿಂದ ಜಗತ್ತಿಗೇ ಹೆಸರಾಗಿದ್ದ ಕಲಾಕಲಾ ಎಂಬ ಫೆರಿಗೆ ಇಂಥ ಎಂಜಿನ್ನೇ ಇತ್ತು. ಧಕ್ಕೆಗೆ ಗುದ್ದುವುದರಲ್ಲಿಯೂ ಅದು ಹೆಸರು ಮಾಡಿತ್ತು. ವಿದ್ಯುತ್ ಮೋಟಾರಿಗೆ ಈ ತೊಂದರೆಯಿಲ್ಲ. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಅದರ ದಿಕ್ಕೂ ಬದಲು, ಡೀಸೆಲ್ ಎಂಜಿನ್ ತನ್ನ ಪಾಡಿಗೆ ಒಂದೇ ಕಡೆಗೆ ತಿರುಗುತ್ತಿರುತ್ತದೆ.

ಇನ್ನೊಂದು ಅನುಕೂಲ, ಇವಕ್ಕೆ ಹಿಂದು-ಮುಂದು ಎಂಬುದಿಲ್ಲ. ಎರಡೂ ತುದಿಯಲ್ಲಿ ಪ್ರೊಪೆಲರ್, ಎರಡೂ ತುದಿಯಲ್ಲಿ ಚುಕ್ಕಾಣಿ, ಮೇಲೆ ಎರಡು ಚಾಲಕರ ಕೋಣೆ. ಕಾರು ಈ ತುದಿಯಲ್ಲಿ ಹತ್ತಿ ಆ ತುದಿಯಲ್ಲಿ ಇಳಿಯುತ್ತದೆ, ರಿವರ್ಸ್ ಹಾಕುವ ಗೋಜಿಲ್ಲ. ಕ್ಯಾಪ್ಟನ್ ಮಾತ್ರ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಾನೆ. ಬ್ರೆಮರ್ಟನ್ ನೌಕಾನೆಲೆಯ ದಾರಿಗೆಂದು ಆರರಲ್ಲಿ ಎರಡನ್ನು ಮಾತ್ರ ಬಂದ ಹೊಸತರಲ್ಲೇ ಒಂದೇ ಮುಖದ ಹಡಗುಗಳಾಗಿ ಮಾರ್ಪಡಿಸಿದರು. 1960ರ ದಶಕದ ಕೊನೆಯಲ್ಲಿ ದೊಡ್ಡ ಹೊಸ ಫೆರಿಗಳು ಬಂದಾಗ ಮೊದಲು ಮನೆಗೆ ಹೋದವೂ ಅವೇ.

ಉಳಿದ ನಾಲ್ಕನ್ನು ಕಾಪಾಡಿದ್ದು ಒಂದು ಇಕ್ಕಟ್ಟಾದ ಬಂದರು ಎನ್ನಬೇಕು. ವಿಡ್ಬಿ ದ್ವೀಪದ ಕೀಸ್ಟೋನ್ ಬಂದರಿನ ಬಾಯಿ ಕಿರಿದು, ನೀರು ಆಳವಿಲ್ಲ. ಎದುರಿಗೆ ಅಡ್ಮಿರಾಲ್ಟಿ ಇನ್ಲೆಟ್. ಪ್ಯೂಜೆಟ್ ಸೌಂಡಿನ ಉಬ್ಬರ-ಇಳಿತದ ನೀರಿನ ಬಹುಪಾಲು ಅದರಲ್ಲಿಯೇ ನುಗ್ಗಿ ಹೋಗಬೇಕು. ಸೆಳೆತ ಬಂದರಿನ ಬಾಯಿಗೆ ಅಡ್ಡಡ್ಡ ಹರಿಯುತ್ತದೆ. ಫೆರಿಯ ಮೂತಿ ಒಳಗಿನ ನಿಂತ ನೀರಿಗೆ ಬಂದಿರುವಾಗ ಬಾಲ ಇನ್ನೂ ಹೊರಗಿನ ಸೆಳೆತದಲ್ಲಿರುತ್ತದೆ. ಒಂದು ತುದಿ ಸ್ಥಿರ, ಇನ್ನೊಂದನ್ನು ಪಕ್ಕಕ್ಕೆ ನೂಕುವ ಬಲ. ಹಡಗು ಗರಕ್ಕನೆ ತಿರುಗಿ ದಂಡೆಗೆ ಉಜ್ಜಲು ಅಷ್ಟು ಸಾಕು. ಅಲ್ಲಿಗೆ ಉದ್ದದ, ಹೆಚ್ಚು ಆಳಕ್ಕಿಳಿಯುವ ಹೊಸ ಫೆರಿಗಳನ್ನು ತರುವಂತಿರಲಿಲ್ಲ. ಪೋರ್ಟ್ ಟೌನ್ಸೆಂಡಿನಿಂದ ಅರ್ಧ ಗಂಟೆಯ ಆ ದಾರಿಗೆ ಸರಿಹೊಂದುತ್ತಿದ್ದದ್ದು ಅಜ್ಜನ ಕಾಲದ ಈ ಹಡಗುಗಳೇ. 1980ರ ದಶಕದಲ್ಲಿ ಅವನ್ನು ಬಿಚ್ಚಿ ಮರುಕಟ್ಟಿದರು. ಯಂತ್ರ ಹೊಸತಾಯಿತು, ಪ್ರಯಾಣಿಕರ ಅಂತಸ್ತು ಹೊಸತಾಯಿತು. ಒಡಲು ಮಾತ್ರ ಬಹುಮಟ್ಟಿಗೆ ಅದೇ.

ಆ ಒಡಲಿನ ಹಾಳೆಗಳನ್ನು ಬೆಸೆದಿದ್ದು ವೆಲ್ಡಿಂಗಿನಿಂದಲ್ಲ, ರಿವೆಟ್‌ಗಳಿಂದ. ಅದು ನಾಲ್ವರ ಕೆಲಸ. ಒಬ್ಬ ಕುಲುಮೆಯಲ್ಲಿ ರಿವೆಟ್ ಕಾಯಿಸಿ ಇಕ್ಕಳದಲ್ಲಿ ಎಸೆಯುತ್ತಾನೆ, ಇನ್ನೊಬ್ಬ ಡಬ್ಬಿಯಲ್ಲಿ ಹಿಡಿದು ತೂತಿಗೆ ತೂರಿಸುತ್ತಾನೆ, ಮೂರನೆಯವನು ಹಿಂದಿನಿಂದ ಒತ್ತಿ ಹಿಡಿಯುತ್ತಾನೆ, ನಾಲ್ಕನೆಯವನು ಗಾಳಿ ಸುತ್ತಿಗೆಯಿಂದ ಅದರ ತುದಿಯನ್ನು ಬಡಿದು ತಲೆ ಮಾಡುತ್ತಾನೆ. ಕೆಂಪಗೆ ಕಾದ ರಿವೆಟ್ ತಣಿಯುತ್ತ ಕುಗ್ಗುತ್ತದೆ. ಕುಗ್ಗುವಾಗ ಎರಡು ಹಾಳೆಗಳನ್ನು ಬಿಗಿಯಾಗಿ ಒಂದಕ್ಕೊಂದು ಎಳೆದುಕೊಳ್ಳುತ್ತದೆ. ನೀರು ಒಸರದಂತೆ ಹಾಳೆಗಳ ಅಂಚನ್ನು ಉಳಿಯಿಂದ ಬಡಿದು ಮುಚ್ಚುತ್ತಾರೆ.

ರಿವೆಟ್ ಎಂದರೆ ಹಿಂದುಳಿದ ತಂತ್ರ ಎಂದು ತಳ್ಳಿಹಾಕುವಂತಿಲ್ಲ. ಒಂದು ಹಾಳೆಯಲ್ಲಿ ಹುಟ್ಟಿದ ಬಿರುಕು ಅದರ ಅಂಚಿಗೆ ಬಂದು ನಿಲ್ಲುತ್ತದೆ, ಮುಂದಿನದು ಬೇರೆಯದೇ ಹಾಳೆ. ವೆಲ್ಡ್ ಮಾಡಿದ ಒಡಲು ಇಡಿಯಾಗಿ ಒಂದೇ ಲೋಹ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಟ್ಯಾಂಕರ್, ಧಕ್ಕೆಯಲ್ಲಿ ಕಟ್ಟಿಹಾಕಿದ್ದಾಗಲೇ, ದೊಡ್ಡ ಸದ್ದಿನೊಂದಿಗೆ ನಡು ಮುರಿದುಕೊಂಡಿತು. ಅಂದಿನ ಕೆಲವು ಬಗೆಯ ಉಕ್ಕು ಚಳಿಗೆ ಪೆಡಸಾಗುತ್ತದೆ ಎಂಬುದನ್ನು ಕೇಂಬ್ರಿಜ್‌ನ ಲೋಹತಜ್ಞೆ ಕಾನ್‌ಸ್ಟನ್ಸ್ ಟಿಪ್ಪರ್ ತೋರಿಸಿಕೊಟ್ಟದ್ದು ಇಂಥ ಹಡಗುಗಳ ಅಧ್ಯಯನದಿಂದಲೇ. ಆದರೆ ರಿವೆಟ್‌ಗೂ ಒಂದು ಬಲಹೀನತೆಯಿದೆ. ಹಾಳೆಯ ಮೇಲೆ ಹಾಳೆ ಕೂತ ಕಡೆ ಕೂದಲೆಳೆಯ ಸಂದು ಉಳಿಯುತ್ತದೆ. ಬಣ್ಣದ ಕುಂಚ ಅಲ್ಲಿಗೆ ಹೋಗದು, ಉಪ್ಪುನೀರು ಹೋಗುತ್ತದೆ.

ತುಕ್ಕು ಎಂದ ಕೂಡಲೇ ನಮಗೆ ಹೊಳೆಯುವುದು ಹಳೇ ಗೇಟಿನ ಮೇಲೆ ಉದುರುವ ಕೆಂಪು ಹುಡಿ. ಅದು ಮೇಲ್ಮೈಯನ್ನೆಲ್ಲ ಸಮನಾಗಿ ಸವೆಸುತ್ತದೆ; ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಬಹುದು. ಗುಳಿ ಬೀಳುವುದು ಬೇರೆಯೇ ಬಗೆ. ಬಣ್ಣ ಒಂದು ಕಡೆ ಸಾಸಿವೆಯಷ್ಟು ಎದ್ದಿತೆನ್ನಿ. ಅಲ್ಲಿ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನು ಬಿಟ್ಟುಕೊಟ್ಟು ಕರಗುತ್ತವೆ; ಆ ಇಲೆಕ್ಟ್ರಾನುಗಳನ್ನು ಸುತ್ತಲಿನ ಮೇಲ್ಮೈಯಲ್ಲಿ ನೀರಿನೊಳಗಿನ ಆಮ್ಲಜನಕ ತೆಗೆದುಕೊಳ್ಳುತ್ತದೆ. ಗುಳಿ ಕೊಂಚ ಆಳವಾದರೆ ಅದರ ತಳಕ್ಕೆ ಆಮ್ಲಜನಕ ತಲುಪುವುದಿಲ್ಲ. ಕರಗಿದ ಕಬ್ಬಿಣದ ಧನ ಅಯಾನುಗಳು ಸಮುದ್ರದ ಕ್ಲೋರೈಡನ್ನು ಒಳಗೆ ಸೆಳೆಯುತ್ತವೆ. ಕಬ್ಬಿಣದ ಕ್ಲೋರೈಡ್ ನೀರಿನೊಂದಿಗೆ ವರ್ತಿಸಿದಾಗ ಹುಟ್ಟುವುದು ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲ ಇನ್ನಷ್ಟು ಕಬ್ಬಿಣ ಕರಗಿಸುತ್ತದೆ, ಅದು ಇನ್ನಷ್ಟು ಕ್ಲೋರೈಡ್ ಎಳೆಯುತ್ತದೆ. ಹುಳುಕು ಹಲ್ಲಿನಂತೆ, ಹೊರಗೆ ಚುಕ್ಕೆ, ಒಳಗೆ ಬಾವಿ.

ಹಡಗಿನವರಿಗೆ ಇದು ಗೊತ್ತಿಲ್ಲದ್ದಲ್ಲ. ಒಡಲಿಗೆ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಕಟ್ಟಿರುತ್ತಾರೆ. ಸತು ಕಬ್ಬಿಣಕ್ಕಿಂತ ಸುಲಭವಾಗಿ ಇಲೆಕ್ಟ್ರಾನು ಬಿಟ್ಟುಕೊಡುತ್ತದೆ. ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಸವೆದ ಗಟ್ಟಿ ತೆಗೆದು ಹೊಸದು ಹಾಕುತ್ತ ಹೋದರಾಯಿತು. ಆದರೆ ಸತು ಕಾಯುವುದು ನೀರಿನಲ್ಲಿ ಮುಳುಗಿದ ಹೊರಮೈಯನ್ನು. ಹಡಗಿನೊಳಗೆ, ತಳದಲ್ಲಿ, ಎಣ್ಣೆ ಬೆರೆತ ನೀರು ನಿಲ್ಲುವ ಮೂಲೆಗಳಲ್ಲಿ, ಉಕ್ಕಿನ ಬೆವರು ಆರದ ಕಡೆಗಳಲ್ಲಿ ಅದರ ಆಟ ನಡೆಯದು.

ಹಾಗಾದರೆ ತಪಾಸಣೆ? ಅದಕ್ಕೆ ಬಳಸುವುದು ಶ್ರವಣಾತೀತ ಧ್ವನಿ. ತಂತ್ರಜ್ಞ ಒಂದೆಡೆ ಮೇಲ್ಮೈ ಸ್ವಚ್ಛ ಮಾಡಿ, ಒಂದು ತೊಟ್ಟು ಜೆಲ್ ಹಚ್ಚಿ, ಬೆರಳುದ್ದದ ಪ್ರೋಬ್ ಒತ್ತುತ್ತಾನೆ. ಧ್ವನಿ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಹೋಗಿ ಆಚೆ ಮೈಗೆ ಬಡಿದು ಹಿಂದಿರುಗುತ್ತದೆ. ಹಾಳೆ 10 ಮಿಲಿಮೀಟರ್ ದಪ್ಪವಿದ್ದರೆ ಹೋಗಿಬರಲು ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 3.4 ಭಾಗ. ಪರದೆಯ ಮೇಲೆ ಅಂಕಿ ಮೂಡುತ್ತದೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ, ಪ್ರೋಬ್ ಮುಂದಿನ ಬಿಂದುವಿಗೆ ಸರಿಯುತ್ತದೆ.

ತೊಡಕು ಇರುವುದು ‘ಮುಂದಿನ ಬಿಂದು’ ಎಂಬಲ್ಲೇ. 78 ಮೀಟರ್ ಉದ್ದದ ಒಡಲಿನ ಇಂಚಿಂಚನ್ನೂ ಯಾರೂ ಅಳೆಯುವುದಿಲ್ಲ. 10 ಮಿಲಿಮೀಟರ್ ಹಾಳೆಯ ನೂರರಲ್ಲಿ ಐದು ಭಾಗದಲ್ಲಿ ಮಾತ್ರ 6 ಮಿಲಿಮೀಟರ್ ಆಳದ ಗುಳಿಗಳಿವೆ ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದರೆ ನಷ್ಟ 0.3 ಮಿಲಿಮೀಟರ್, ಕಾಗದದಲ್ಲಿ ಹಾಳೆ ಗಟ್ಟಿಮುಟ್ಟು. ಪ್ರೋಬ್ ಇಟ್ಟ ಕಡೆ ಗುಳಿ ಸಿಗುವ ಸಂಭವ ಇಪ್ಪತ್ತರಲ್ಲಿ ಒಂದು. ಹಡಗು ಸೋರುವುದಾದರೋ ಸರಾಸರಿಯಲ್ಲಲ್ಲ, ಗುಳಿಯಲ್ಲಿ. ಅದರ ಮೇಲೆ ದಶಕಗಳಿಂದ ಬಳಿದ ಬಣ್ಣದ ಪದರಗಳು ಬೇರೆ. ಹಡಗನ್ನು ತುಕ್ಕಿನಿಂದ ಕಾಯಲೆಂದು ಬಳಿದ ಬಣ್ಣವೇ ತುಕ್ಕನ್ನು ಕಣ್ಣಿನಿಂದ ಮರೆಮಾಡಿತು. ಬರಿಮೈ ಮಾಡಿ ನೋಡಬೇಕು, ಬೇರೆ ದಾರಿಯಿಲ್ಲ. ಅದಕ್ಕೆ ದುಡ್ಡೂ ದಿನಗಳೂ ಬೇಕು, ಅಷ್ಟು ದಿನ ಫೆರಿ ಓಡಬಾರದು. ಬದಲಿ ಹಡಗಿಲ್ಲದ ದಾರಿಯಲ್ಲಿ ಇಂಥ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ತಾಂತ್ರಿಕ ದೋಷಕ್ಕಿಂತ ಇದನ್ನೇ ನಾನು ದೊಡ್ಡ ದೋಷ ಎನ್ನುತ್ತೇನೆ.

ಒಂದು ತೂತಿನಿಂದ ಹಡಗೇನು ಮುಳುಗೀತೇ? ಒಡಲನ್ನು ನೀರು ದಾಟದ ಅಡ್ಡಗೋಡೆಗಳಿಂದ ಸಾಕಷ್ಟು ಕೋಣೆಗಳಾಗಿ ವಿಂಗಡಿಸಿದ್ದರೆ ಇಲ್ಲ. ಇಂದಿನ ಫೆರಿಗಳಿಗೆ ಈ ವಿಚಾರದಲ್ಲಿ ನಿಯಮ ಬಿಗಿ. 1927ರಲ್ಲಿ ಹಾಗಿರಲಿಲ್ಲ, ಹಳೆಯ ಹಡಗಿಗೆ ಹಳೆಯ ನಿಯಮ ಎಂಬ ವಿನಾಯಿತಿಯಲ್ಲಿ ಇವು ಓಡುತ್ತಿದ್ದವು. ತೆಳುವಾದ ಒಡಲು, ಕಡಿಮೆ ಗೋಡೆ: ಎರಡನ್ನೂ ಸೇರಿಸಿ ನೋಡಿದರೆ ಹಬ್ಬದ ಮುನ್ನಾದಿನಗಳಲ್ಲಿ ಬೈಗುಳ ತಿನ್ನಲು ಹ್ಯಾಮಂಡ್ ಯಾಕೆ ಸಿದ್ಧರಾದರು ಎಂಬುದು ತಿಳಿಯುತ್ತದೆ.

ನೀರು ಸಿಹಿಯಾಗಿದ್ದರೆ ಕತೆ ಬೇರೆಯಿತ್ತು. ಕ್ಲೋರೈಡ್ ಕಡಿಮೆ, ವಿದ್ಯುತ್ತು ಹರಿಯುವುದೂ ಕಡಿಮೆ, ಗುಳಿಗೆ ಮೇವು ಸಿಗದು. ಮಿಶಿಗನ್ ಸರೋವರದಲ್ಲಿ 1953ರಲ್ಲಿ ಓಟ ಶುರು ಮಾಡಿದ ಬ್ಯಾಜರ್ ಎಂಬ ಉಗಿ ಫೆರಿ ಎಪ್ಪತ್ತು ದಾಟಿಯೂ ಕಾರು ಹೊರುತ್ತಿರುವುದರ ಹಿಂದೆ ಸರೋವರದ ಸಿಹಿನೀರಿನ ಪಾಲು ದೊಡ್ಡದು.

ಓಟ ನಿಲ್ಲಿಸಿದ ನಾಲ್ಕು ಫೆರಿಗಳನ್ನು 2009ರಲ್ಲಿ ಮೆಕ್ಸಿಕೋದ ಎನ್ಸೆನಾಡಕ್ಕೆ ಎಳೆದೊಯ್ದು ಗುಜರಿಗೆ ಒಡೆದರು. ಅವುಗಳ ಜತೆ ಹುಟ್ಟಿದ ಸಾಂಟಾ ರೋಸಾ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿ, ಮೂರನೇ ನಂಬರಿನ ಧಕ್ಕೆಯಲ್ಲಿ ಕಚೇರಿಯಾಗಿ ತೇಲಿಕೊಂಡಿದೆ. ಕೀಸ್ಟೋನ್ ದಾರಿಗೆ ಮೊದಲು ಅದೇ ರಾಜ್ಯದ ಪಿಯರ್ಸ್ ಕೌಂಟಿಯಿಂದ ಒಂದು ಸಣ್ಣ ಫೆರಿಯನ್ನು ಬಾಡಿಗೆಗೆ ತಂದರು. 2010ರ ನವೆಂಬರ್‌ನಲ್ಲಿ 64 ಕಾರುಗಳ ಚೆಟ್ಜೆಮೋಕಾ ಬಂತು, ಮುಂದಿನ ಎರಡು ವರ್ಷಗಳಲ್ಲಿ ಅದೇ ಮಾದರಿಯ ಇನ್ನೆರಡು. ಬಂದರನ್ನು ಅಗಲ ಮಾಡಲಿಲ್ಲ, ಬಂದರಿನ ಬಾಯಿಯ ಅಳತೆಗೆ ಹಡಗನ್ನೇ ಚಿಕ್ಕದಾಗಿ ಕಟ್ಟಿದರು. ಇವುಗಳ ಒಡಲು ವೆಲ್ಡ್ ಮಾಡಿದ್ದು, ಕೋಣೆಗಳು ಇಂದಿನ ನಿಯಮಕ್ಕೆ ತಕ್ಕಂತೆ. ಆದರೂ ಸೆಳೆತ ಮಿತಿಮೀರಿದಾಗ, ನೀರು ತೀರಾ ಇಳಿದಾಗ, ಆ ದಾರಿಯ ಟ್ರಿಪ್‌ಗಳು ಈಗಲೂ ರದ್ದಾಗುತ್ತವೆ.