ಆಶ್ರಯಾರ್ಥಿಗಳ ಸ್ಥಳನಿರ್ಣಯದಲ್ಲಿ ಗಣನವಿಧಿ

ಪರದೇಶದಲ್ಲಿ ಆಶ್ರಯ ಬೇಡಿ ಬಂದವನ ಬಾಳು ಅವನ ವಿದ್ಯೆ, ವಯಸ್ಸು, ಶ್ರಮಗಳನ್ನಷ್ಟೇ ಅವಲಂಬಿಸಿರುವುದಿಲ್ಲ. ಅವನನ್ನು ಯಾವ ಊರಿಗೆ ಕಳುಹಿಸಲಾಯಿತೆಂಬುದನ್ನೂ ಅವಲಂಬಿಸಿರುತ್ತದೆ. ಈ ನಿರ್ಣಯಕ್ಕೆ ಗಣಕಯಂತ್ರದ ನೆರವು ಪಡೆಯುವ ಕ್ರಮವೊಂದು ಈಚಿನ ವರ್ಷಗಳಲ್ಲಿ ರೂಪುಗೊಂಡಿದೆ. ಅದರ ಸ್ವರೂಪವನ್ನೂ ಇತಿಮಿತಿಗಳನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಸ್ವಿಟ್ಜರ್‌ಲೆಂಡಿನಲ್ಲಿ 26 ಕ್ಯಾಂಟನ್ನುಗಳುಂಟು. ಆಶ್ರಯಾರ್ಥಿಗಳನ್ನು ಜನಸಂಖ್ಯೆಯ ಪ್ರಮಾಣಕ್ಕನುಸಾರವಾಗಿ ಅವುಗಳಿಗೆ ಹಂಚುವುದು ರೂಢಿ. ಕುಟುಂಬದ ಐಕ್ಯವೇ ಮೊದಲಾದ ಕಾರಣಗಳನ್ನು ಬಿಟ್ಟರೆ, ಯಾರು ಎಲ್ಲಿಗೆ ಎಂಬುದು ಬಹುಮಟ್ಟಿಗೆ ಆಕಸ್ಮಿಕವಾಗಿತ್ತು. ಫ್ರೆಂಚ್ ಬಲ್ಲ ಕಾಂಗೋ ದೇಶದವನೊಬ್ಬನು ಜಿನೀವಾ ಸೇರಿದರೆ ಭಾಷೆಯೇ ಅವನಿಗೆ ಬಂಡವಾಳ. ಜರ್ಮನ್ ಭಾಷೆಯ ಜೂರಿಕ್ ಸೇರಿದರೆ ಹೊಸ ನುಡಿಯನ್ನು ಮೊದಲಿನಿಂದ ಕಲಿಯಬೇಕು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹಾಗೂ ಜೂರಿಕ್ಕಿನ ಇ.ಟಿ.ಎಚ್. ವಿದ್ಯಾಸಂಸ್ಥೆಯ ವಿದ್ವಾಂಸರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೂರು ಹಂತಗಳಿವೆ. ಮೊದಲನೆಯದಾಗಿ, ಹಿಂದೆ ಬಂದವರಲ್ಲಿ ಎಂಥವರಿಗೆ ಎಲ್ಲಿ ಉದ್ಯೋಗ ದೊರೆಯಿತೆಂಬುದನ್ನು ದಾಖಲೆಗಳಿಂದ ಗ್ರಹಿಸಿ, ಹೊಸಬರಿಗೆ ಒಂದೊಂದು ಸ್ಥಳದಲ್ಲಿಯೂ ಉದ್ಯೋಗ ದೊರೆಯುವ ಸಂಭವವನ್ನು ಎಣಿಸಲಾಗುತ್ತದೆ. ಎರಡನೆಯದಾಗಿ, ವ್ಯಕ್ತಿಗಳ ಎಣಿಕೆಯನ್ನು ಕುಟುಂಬದ ಎಣಿಕೆಯಾಗಿ ಮಾರ್ಪಡಿಸಲಾಗುತ್ತದೆ. ಕಡೆಯದಾಗಿ, ಯಾವ ಸ್ಥಳದ ಅವಕಾಶವನ್ನೂ ಮೀರದಂತೆ, ಒಟ್ಟು ಸಂಭವವು ಗರಿಷ್ಠವಾಗುವ ಹಂಚಿಕೆಯನ್ನು ಕಂಡುಕೊಳ್ಳಲಾಗುತ್ತದೆ.

ಈ ಕಡೆಯ ಹಂತವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಎರಡು ಊರುಗಳಲ್ಲಿ ಒಂದೊಂದೇ ಕುಟುಂಬಕ್ಕೆ ಅವಕಾಶವಿದೆಯೆನ್ನೋಣ. ಮೊದಲ ಕುಟುಂಬಕ್ಕೆ ಉದ್ಯೋಗ ದೊರೆಯುವ ಸಂಭವ ಮೊದಲ ಊರಿನಲ್ಲಿ ನೂರಕ್ಕೆ 60, ಎರಡನೆಯದರಲ್ಲಿ 50. ಎರಡನೆಯ ಕುಟುಂಬಕ್ಕೆ ಕ್ರಮವಾಗಿ 55 ಮತ್ತು 20. ಮೊದಲ ಕುಟುಂಬಕ್ಕೆ ಅದರ ಉತ್ತಮ ಸ್ಥಳವನ್ನೇ ಕೊಟ್ಟರೆ ಮೊತ್ತ 80. ಅದಲುಬದಲು ಮಾಡಿದರೆ 105. ಯಂತ್ರವು ಅದಲುಬದಲನ್ನೇ ಆರಿಸುತ್ತದೆ. ಹೀಗೆ ಸಮುದಾಯದ ಲಾಭಕ್ಕಾಗಿ ಒಂದು ಕುಟುಂಬವು ತುಸು ನಷ್ಟವನ್ನು ಹೊರಬೇಕಾಗುವುದೂ ಉಂಟು.

ಹಿಂದಿನ ದಾಖಲೆಗಳ ಮೇಲೆ ಪರೀಕ್ಷಿಸಿದಾಗ, ಉದ್ಯೋಗಸ್ಥರ ಪ್ರಮಾಣವು ಅಮೆರಿಕದಲ್ಲಿ ನೂರಕ್ಕೆ ಸುಮಾರು 34ರಿಂದ 48ಕ್ಕೂ, ಸ್ವಿಟ್ಜರ್‌ಲೆಂಡಿನಲ್ಲಿ ಮೂರನೆಯ ವರ್ಷದ ಪ್ರಮಾಣವು 15ರಿಂದ 26ಕ್ಕೂ ಏರಬಹುದಾಗಿತ್ತೆಂದು ತಿಳಿದುಬಂತು. ಇದು ಅಂದಾಜೇ ಹೊರತು ನಡೆದ ಸಂಗತಿಯಲ್ಲ. ಅದೇ ವರ್ಷ ಸ್ವಿಟ್ಜರ್‌ಲೆಂಡ್ ಸರ್ಕಾರವು ಈ ವಿಧಾನದ ಪ್ರಯೋಗಕ್ಕೆ ತೊಡಗಿತು. ಅಮೆರಿಕದ ಹಯಾಸ್ ಎಂಬ ಪುನರ್ವಸತಿ ಸಂಸ್ಥೆಯು ‘ಆ್ಯನಿ ಮೂರ್’ ಎಂಬ ಬೇರೊಂದು ಸಾಧನವನ್ನು ಬಳಕೆಗೆ ತಂದಿತು. 1892ರಲ್ಲಿ ಎಲ್ಲಿಸ್ ದ್ವೀಪದಲ್ಲಿ ಮೊತ್ತಮೊದಲು ನೋಂದಣಿಯಾದ ಐರಿಷ್ ಬಾಲಕಿಯ ಹೆಸರದು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಎರಡು ಸಂದೇಹಗಳು ತೋರುತ್ತವೆ. ದಾಖಲೆಯು ಗತಕಾಲದ ಪಕ್ಷಪಾತವನ್ನೂ ಒಳಗೊಂಡಿರುತ್ತದೆ. ಒಂದು ಊರಿನ ಮಾಲೀಕರು ಸ್ತ್ರೀಯರಿಗೆ ಕೆಲಸವನ್ನು ನಿರಾಕರಿಸಿದ್ದರೆ, ಯಂತ್ರವು ಆ ಅನ್ಯಾಯವನ್ನು ಕೇವಲ ಕಡಮೆ ಸಂಭವವೆಂದು ಓದುತ್ತದೆ. ಎರಡನೆಯದು, ಈ ಲೆಕ್ಕದಲ್ಲಿ ಬಂದವನ ಇಷ್ಟಕ್ಕೆ ಸ್ಥಾನವಿಲ್ಲ. ಆದರೆ ದೇಶದಲ್ಲಿ ನ್ಯಾಯಬದ್ಧವಾಗಿ ನೆಲೆಸಿರುವ ನಿರಾಶ್ರಿತನಿಗೆ, ಇತರ ವಿದೇಶೀಯರಂತೆಯೇ ವಾಸಸ್ಥಳವನ್ನು ಆರಿಸಿಕೊಳ್ಳುವ ಹಕ್ಕನ್ನು 1951ರ ನಿರಾಶ್ರಿತರ ಒಡಂಬಡಿಕೆಯ 26ನೆಯ ವಿಧಿಯು ಮಾನ್ಯಮಾಡಿದೆ. ಆದಕಾರಣ ಯಂತ್ರದ ಎಣಿಕೆಯನ್ನು ಸಲಹೆಯೆಂದು ಸ್ವೀಕರಿಸಿ, ಅಧಿಕಾರಿಯು ಆಶ್ರಯಾರ್ಥಿಯ ಮಾತನ್ನು ಕೇಳಿದ ಬಳಿಕವೇ ನಿರ್ಣಯಿಸುವುದು ಯುಕ್ತವೆಂದು ತೋರುತ್ತದೆ.