ನಿಮಗಿದು ಗೊತ್ತೆ? ಬೆರಳುದ್ದದ ಸೆಲ್, ಬೆಂಕಿಯ ಬಲ

ಇ-ಸಿಗರೇಟಿಗೆ ಶಕ್ತಿ ಕೊಡುವುದು ಲೀಥಿಯಂ-ಅಯಾನ್ ಸೆಲ್. ಕರ್ನಾಟಕ 2016ರಲ್ಲಿ, ಇಡೀ ದೇಶ 2019ರಲ್ಲಿ ಇ-ಸಿಗರೇಟನ್ನು ನಿಷೇಧಿಸಿವೆ. ಮಾರಾಟ ಮಾತ್ರವಲ್ಲ, ದಾಸ್ತಾನೂ ಅಪರಾಧ. ಆದರೆ ಇದೇ ಜಾತಿಯ ಸೆಲ್ ಚಾರ್ಜಿಂಗ್ ಟಾರ್ಚು, ಪವರ್ ಬ್ಯಾಂಕುಗಳ ಮೂಲಕ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳನ್ನೂ ಸೇರಿದೆ.

ಹೆಚ್ಚು ಬಳಕೆಯ 18650 ಸೆಲ್‌ನ ಅಡ್ಡಳತೆ 18 ಮಿ.ಮೀ., ಉದ್ದ 65 ಮಿ.ಮೀ. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ 4.2. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತದೆ; ಇದು ಓಮ್ ನಿಯಮ. ಇ-ಸಿಗರೇಟಿನೊಳಗೆ ಬಿಸಿಯಾಗುವ 1 ಓಮ್ ತಂತಿ ಸುರುಳಿ (ಕಾಯಿಲ್) 4.2 ಆಂಪಿಯರ್ ಎಳೆದರೆ, 0.2 ಓಮ್ ಕಾಯಿಲ್ 21 ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ತಾಳುವ ಶಕ್ತಿ ಎಷ್ಟೋ ಸೆಲ್‌ಗಳಿಗಿಲ್ಲ.

ನಿಜವಾದ ಅಪಾಯ ಹೊದಿಕೆಯಲ್ಲಿದೆ. ಸೆಲ್‌ನ ಲೋಹದ ಮೈ ಪೂರ್ತಿ ಋಣ ಧ್ರುವ. ಧನ ಧ್ರುವ ಇರುವುದು ಮೇಲ್ತುದಿಯ ಗುಂಡಿಯಲ್ಲಿ. ಎರಡೂ ಹೊರಗೆ ಒಂದಕ್ಕೊಂದು ತಗುಲದಂತೆ ಕಾಯುವುದು ತೆಳು ಪ್ಲಾಸ್ಟಿಕ್ ಸುತ್ತು ಮತ್ತು ಒಂದು ಪುಟ್ಟ ವಾಷರ್. ಸುತ್ತು ಹರಿದ ಬಿಡಿ ಸೆಲ್‌ಗೆ ಜೇಬಿನಲ್ಲಿ ಬೀಗದ ಕೈ ತಗುಲಿದರೆ ರೋಧ ಬಹುತೇಕ ಸೊನ್ನೆಯಾಗಿ, ಕ್ಷಣದಲ್ಲಿ ಸೆಲ್ ಕಾದು ಹೊತ್ತಿಕೊಳ್ಳಬಹುದು.

ಉಬ್ಬಿದ, ನಜ್ಜಾದ ಸೆಲ್ ಚಾರ್ಜ್ ಮಾಡಲೇಬಾರದು. ರೇಷ್ಮೆ ಮನೆಯ ಒಣ ಬಿದಿರಿನ ಚಂದ್ರಿಕೆಗಳ ಪಕ್ಕದಲ್ಲಂತೂ ಯಾವ ಚಾರ್ಜಿಂಗೂ ಬೇಡ. ಕೆಟ್ಟ ಸೆಲ್‌ನ ತುದಿಗಳಿಗೆ ಟೇಪು ಸುತ್ತಿ, ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು.